ಬೋರಿಂಗ್ ಆದ ಚೇತಕ್ ಸ್ಕೂಟರ್ ಮತ್ತೆ ಸೀಜ್ ಆಗದಿರಲು (ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳದಿರಲು) ಏನು ಮಾಡಲಿ?

ಪ್ರಶ್ನೆ: ಅಪ್ಪನ ಹಳೇ ಚೇತಕ್‌ಗೆ ಬೋರಿಂಗ್ ಮಾಡಿಸಿ (ಸಿಲಿಂಡರ್ ಒಳಗೋಡೆ ಕೊರೆಸಿ) ಹೊಸ ಪಿಸ್ಟನ್, ರಿಂಗ್ ಹಾಕಿಸಿದ್ದೇನೆ. ಮೊದಲ 500 ಕಿ.ಮೀ. ಹೇಗೆ ಓಡಿಸಲಿ? ಆಯಿಲ್ ಎಷ್ಟು?

ಉತ್ತರ: ಲೀಟರ್ ಪೆಟ್ರೋಲಿಗೆ 20 ಮಿಲಿ 2ಟಿ (ಟೂ-ಸ್ಟ್ರೋಕ್) ಆಯಿಲ್ ಬೆರೆಸುವುದು ಮಾಮೂಲಿ. ಈಗ 30 ಹಾಕಿ, ಹೊಗೆ ಜಾಸ್ತಿಯಾದರೂ ಪರವಾಗಿಲ್ಲ. ವೇಗ ಗಂಟೆಗೆ 40 ಕಿ.ಮೀ. ಒಳಗೇ ಇರಲಿ.

ಇನ್ನೊಬ್ಬರು: ಇಳಿಜಾರಲ್ಲಿ ಹುಷಾರು. ಚಾರ್ಮಾಡಿ ಘಾಟಿ ಇಳಿಯುವಾಗ ನಾನು ಗೇರಲ್ಲೇ ಆಕ್ಸಿಲರೇಟರ್ ಪೂರ್ತಿ ಬಿಟ್ಟಿದ್ದೆ. ಪೆಟ್ರೋಲ್ ಜೊತೆಗೇ ಆಯಿಲ್ ಹೋಗುವುದು ಅಲ್ವಾ, ಅದೂ ಕಡಿಮೆಯಾಯಿತು. ಪಿಸ್ಟನ್ ಸೀಜ್ ಆಗಿ ಕೀರ್ ಅಂತ ಹಿಂದಿನ ಚಕ್ರ ಕಚ್ಚಿಕೊಂಡಿತು. ಕ್ಲಚ್ ಹಿಡಿದಿದ್ದಕ್ಕೆ ಬೀಳಲಿಲ್ಲ. ಬಿಚ್ಚಿ ನೋಡಿದರೆ ಪಿಸ್ಟನ್ ಮೇಲೆ ಉದ್ದುದ್ದ ಗೀರು. ಎರಡು ಬೆರಳು ಸದಾ ಕ್ಲಚ್ ಮೇಲಿರಲಿ.

ಪ್ರಶ್ನೆ ಕೇಳಿದವರು: ಸಿಲಿಂಡರ್ ಕವರ್ ಇನ್ನೂ ಹಾಕಿಲ್ಲ. ಸುಮ್ನೆ ಓಡಿಸಬಹುದಾ?

ಉತ್ತರ: ಬೇಡವೇ ಬೇಡ. ಫ್ಯಾನಿನ ಗಾಳಿ ಸಿಲಿಂಡರ್ ಸುತ್ತ ಹಾಯುವುದೇ ಆ ಕವರ್‌ನಿಂದ.