ಮರು: ಹೆದ್ದಾರಿ ನಂಬರ್ ಬೋರ್ಡಿಗೆ ಒಂದು ಪದ ಬೇಕು, ನಾಳೆಯೊಳಗೆ

ಗೆಳೆಯರೇ,

ಬೆಳಗ್ಗೆಯಿಂದ ಸುಮ್ನೆ ಓದುತ್ತಾ ಇದ್ದೇನೆ. ಕೇಳಿದವರಿಗೆ ಬೇಕಾಗಿದ್ದು ನಲವತ್ತು ಫೋಟೊಗಳ ಕೆಳಗೆ ಹಾಕಲು ಒಂದು ಪದ. ನಾವು ಅಲ್ಲಿಂದ ಅರಿಸಮಾಸಕ್ಕೆ (ಕನ್ನಡ ಪದಕ್ಕೆ ಬೇರೆ ಭಾಷೆಯ, ಅದರಲ್ಲೂ ಸಂಸ್ಕೃತದ, ಪದ ಬೆಸೆದು ಕಟ್ಟುವ ಸಮಾಸ) ಹೋದೆವು, ಅಲ್ಲಿಂದ ಸಂಸ್ಕೃತದ ಜಗಳಕ್ಕೆ ಹೋದೆವು, ಈಗ ಯಾರ ಕನ್ನಡ ಅಸಲಿ ಅನ್ನುವಲ್ಲಿಗೆ ಬಂದು ನಿಂತಿದ್ದೇವೆ. ಮೊದಲ ಪ್ರಶ್ನೆಯನ್ನು ಮತ್ತೆ ಇಲ್ಲಿ ಹಾಕುತ್ತೇನೆ:

> ಎರಡು ಹೆದ್ದಾರಿಗಳು ಕೂಡುವ ಜಾಗಕ್ಕೆ ಹೋಗಿ ಅಲ್ಲಿನ ನಂಬರ್ ಬೋರ್ಡುಗಳ ಫೋಟೊ ತೆಗೆಯುವುದು ನನ್ನ ಹವ್ಯಾಸ. ಚಿಕ್ಕದೊಂದು ಪ್ರದರ್ಶನ ಇಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇದಕ್ಕೆ ರೂಟ್ ಶೀಲ್ಡ್ ಅನ್ನುತ್ತಾರೆ. ಕನ್ನಡದಲ್ಲಿ ಏನೆನ್ನಲಿ? ಈ ಹವ್ಯಾಸಕ್ಕೆ ಒಂದು ಹೆಸರೂ ಬೇಕು. ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು.

ನಾನೂ ಕೆಲವು ವರ್ಷಗಳಿಂದ ಇದೇ ಫೋಟೊಗಳನ್ನು ತೆಗೆಯುತ್ತಿದ್ದೇನೆ. ಹಾಗಾಗಿ ಬಂದ ಉತ್ತರಗಳನ್ನು ಒಂದೊಂದಾಗಿ ಆ ಬೋರ್ಡಿನ ಮುಂದೆ ನಿಲ್ಲಿಸಿ ನೋಡುತ್ತೇನೆ.

> ಮಾರ್ಗಸೂಚ್ಯಂಕ ಫಲಕ. ಇದರಲ್ಲಿ ಚರ್ಚೆ ಮಾಡುವುದೇನಿದೆ?

ಇದೆ. ಸೂಚ್ಯಂಕ ಅಂದರೆ ಇವತ್ತು ಷೇರು ಪೇಟೆಯ ಸೂಚ್ಯಂಕ, ಬೆಲೆ ಸೂಚ್ಯಂಕ. ಏರುವುದು, ಇಳಿಯುವುದು. ಹೆದ್ದಾರಿ 66 ಯಾವತ್ತೂ ಏರುವುದಿಲ್ಲ, ಇಳಿಯುವುದಿಲ್ಲ. ಈ ಪದ ಬೇಡ.

> ದಾರಿಯಂಕೆ ಅನ್ನಿ. ಅಚ್ಚ ಕನ್ನಡ.

ಕಿವಿಗೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅಂಕೆ ಬೇರೆ, ಸಂಖ್ಯೆ ಬೇರೆ. 48 ಅನ್ನುವುದು ಒಂದು ಸಂಖ್ಯೆ, ಅದರಲ್ಲಿ ಅಂಕೆಗಳು ಎರಡು. ಶಾಲೆಯಲ್ಲಿ ಕಲಿತ ಈ ವ್ಯತ್ಯಾಸವನ್ನು ಬೋರ್ಡಿಗೋಸ್ಕರ ಅಳಿಸಬಾರದು. ಅಂಕೆಗೆ ಹತೋಟಿ ಅನ್ನುವ ಅರ್ಥವೂ ಗಟ್ಟಿಯಾಗಿ ಅಂಟಿಕೊಂಡಿದೆ. ‘ದಾರಿಯ ಅಂಕೆ’ ಅಂದರೆ ಪೊಲೀಸರು ಮಾಡುವ ಕೆಲಸ ಅಂತ ಓದುವವರೂ ಇರುತ್ತಾರೆ. ಇನ್ನು ‘ಅಚ್ಚ ಕನ್ನಡ’ ಅನ್ನುವ ಮಾತು. ಅಂಕೆ ಹುಟ್ಟಿದ್ದು ‘ಅಂಕ’ದಿಂದ. ಆ ಕಾರಣಕ್ಕೆ ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಅಚ್ಚ ಅಂತ ಹೇಳಿ ಮಾರಬೇಡಿ ಅಂತ ಮಾತ್ರ ಹೇಳುತ್ತೇನೆ.

> ಹಳಗನ್ನಡದಲ್ಲಿ ಹೆಬ್ಬಟ್ಟೆ ಇರುವಾಗ ಹೆದ್ದಾರಿ ಯಾಕೆ? ಹೆಬ್ಬಟ್ಟೆಗುರುತು ಎನ್ನಿ.

ಹೆಬ್ಬಟ್ಟೆ, ಅಂದರೆ ದೊಡ್ಡ ದಾರಿ, ಹಳೆಯ ಪದ, ನಿಜ. ಆದರೆ ಪ್ರದರ್ಶನ ನೋಡಲು ಬರುವವರಿಗೆ ಬಟ್ಟೆ ಅಂದರೆ ಉಡುವ ಬಟ್ಟೆ. ಅವರನ್ನು ಗೋಡೆಯ ಮುಂದೆ ನಿಲ್ಲಿಸಿ ಹಳಗನ್ನಡದ ಪಾಠ ಹೇಳಲು ಆಗುತ್ತದಾ? ಹೆದ್ದಾರಿಗೆ ಏನು ಕೊರತೆ? ‘ಪೆರ್’ ಜೊತೆ ‘ದಾರಿ’ ಸೇರಿ, ಪಕಾರ ಹಕಾರವಾಗಿ, ರೇಫ ಕರಗಿ ದಕಾರ ಒತ್ತಾಗಿ ಬಂದ ಪದ. ಕೃಷ್ಣೆಯನ್ನು ಪೆರ್ದೊರೆ, ಹೆದ್ದೊರೆ ಅಂದರಲ್ಲ, ಅದೇ ಅಚ್ಚು. ಬಟ್ಟೆಯ ದಾರಿ ಎಂಬ ಅರ್ಥವೂ ಸಂಸ್ಕೃತದ ವರ್ತ್ಮದಿಂದ ಬಂತು ಅನ್ನುವವರಿದ್ದಾರೆ. ಶುದ್ಧಿಯೇ ನಿಮ್ಮ ಅಳತೆಗೋಲಾದರೆ ಹೆದ್ದಾರಿಯೇ ಗೆಲ್ಲುತ್ತದೆ. ಸಾಲದ್ದಕ್ಕೆ ಅದು ಜೀವಂತ ಪದ.

> ಶೀಲ್ಡ್ ಅಂದರೆ ಗುರಾಣಿ. ಹೆದ್ದಾರಿ ಗುರಾಣಿ. ಅಷ್ಟೇ.

ಅಷ್ಟೇ ಅಲ್ಲ. ಅಮೆರಿಕದಲ್ಲಿ 1926ರಲ್ಲಿ ದೇಶದ ಹೆದ್ದಾರಿಗಳಿಗೆ ನಂಬರು ಕೊಟ್ಟಾಗ ಬೋರ್ಡಿಗೆ ಗುರಾಣಿಯ ಆಕಾರ ಕೊಟ್ಟರು. ಇಂಗ್ಲಿಷಿನ ಹೆಸರು ಆ ಆಕಾರದಿಂದ ಬಂತು. ನಮ್ಮ ರಾಷ್ಟ್ರೀಯ ಹೆದ್ದಾರಿಯ ಬೋರ್ಡೂ ಹಳದಿ ಮೇಲೆ ಕಪ್ಪು ಅಕ್ಷರದ ಗುರಾಣಿಯೇ, ಇಲ್ಲ ಅನ್ನಲ್ಲ. ಆದರೆ ಅಮೆರಿಕದಲ್ಲೇ ಕ್ಯಾಲಿಫೋರ್ನಿಯಾ ರಾಜ್ಯದ ರಸ್ತೆ ಬೋರ್ಡು ಗಣಿಯವರ ಸಲಿಕೆಯ ಆಕಾರದ್ದು. ಕಾನ್ಸಾಸ್ ರಾಜ್ಯದ್ದು ಸೂರ್ಯಕಾಂತಿ ಹೂವು. ಜರ್ಮನಿಯ ಫೆಡರಲ್ ರಸ್ತೆಗಳದ್ದು ಬರೀ ಹಳದಿ ಆಯತ. ಸೂರ್ಯಕಾಂತಿಯ ಫೋಟೊ ಕೆಳಗೆ ಗುರಾಣಿ ಅಂತ ಹೇಗೆ ಬರೆಯುತ್ತೀರಿ? ಕನ್ನಡದಲ್ಲಿ ಗುರಾಣಿ ಅಂದರೆ ಕತ್ತಿಯ ಏಟು ತಡೆಯುವ ವಸ್ತು. ಆ ಬೋರ್ಡು ಏನನ್ನೂ ತಡೆಯುವುದಿಲ್ಲ. ನಾನು ಯಾರು ಅಂತ ಹೇಳುತ್ತದೆ.

ಹೀಗೆ ‘ನಾನು ಯಾರು’ ಅಂತ ಹೇಳುವ ತುಂಡಿಗೆ ಕನ್ನಡದಲ್ಲಿ ಪದ ಇದೆ. ಬಿಲ್ಲೆ. ಜವಾನರ ಎದೆಯ ಪಟ್ಟಿಯ ಮೇಲೆ ಹೊಳೆಯುತ್ತಿದ್ದ ಹಿತ್ತಾಳೆಯ ತುಂಡು ಬಿಲ್ಲೆ. ರೈಲು ನಿಲ್ದಾಣದ ಹಮಾಲರು ತೋಳಿಗೆ ಕಟ್ಟಿಕೊಳ್ಳುವ ನಂಬರಿನ ತುಂಡೂ ಬಿಲ್ಲೆಯೇ. ಕುಂಟಾಬಿಲ್ಲೆ ಆಡುವಾಗ ಎಸೆಯುವ ಚಪ್ಪಟೆ ಚೂರು ಕೂಡ. ದುಂಡಗಿರಲಿ, ಮೂಲೆ ಇರಲಿ, ಹೂವಿನ ಹಾಗಿರಲಿ, ಚಪ್ಪಟೆಯಾಗಿ ಕೈಯಗಲದ್ದಾಗಿದ್ದರೆ ಸಾಕು. ಹೆದ್ದಾರಿಯ ನಂಬರ್ ಬೋರ್ಡು ರಸ್ತೆ ತನ್ನ ಎದೆಗೆ ಹಾಕಿಕೊಂಡ ಬಿಲ್ಲೆ. ಹೆದ್ದಾರಿ ಬಿಲ್ಲೆ. 48ರ ಬಿಲ್ಲೆ. ಒಂದೇ ರಸ್ತೆ ಎರಡು ನಂಬರು ಹೊತ್ತಿರುವ ಕಡೆ ಒಂದೇ ಕಂಬಕ್ಕೆ ಎರಡು ಬೋರ್ಡು ಇರುತ್ತವಲ್ಲ, ಅದು ಜೋಡಿಬಿಲ್ಲೆ. ನಾಲಿಗೆ ಎಲ್ಲೂ ತಡವರಿಸುವುದಿಲ್ಲ.

ಈ ಬಿಲ್ಲೆ ಮರಾಠಿ, ಹಿಂದಿಯಲ್ಲೂ ಇದೆ ಅಂತ ಯಾರಾದರೂ ಬರೆಯುತ್ತೀರಿ, ಗೊತ್ತು. ಇದೆ. ಇದ್ದರೇನಾಯಿತು?

> ಬಿಲ್ಲೆ, ಬೋರ್ಡು, ನಂಬರು ಎಲ್ಲ ಹೊರಗಿನವು. ಮಾರ್ಗ ಕೂಡ ಬೇಡ, ಅದು ಸಂಸ್ಕೃತ. ರಸ್ತೆ ಪಾರಸಿ. ನಮ್ಮದು ಅನ್ನುವುದು ದಾರಿ ಒಂದೇ.

ಇಲ್ಲಿಗೆ ಬಂದಾಗ ನನಗೆ ನಿಜವಾಗಿ ಸಿಟ್ಟು ಬಂತು. ಕರಾವಳಿಯಲ್ಲಿ ‘ಮಾರ್ಗ’ ಅನ್ನುವುದು ಪಂಡಿತರ ಪದ ಅಲ್ಲ. ಮನೆ ಮುಂದಿನ ಡಾಂಬರು ರಸ್ತೆಗೆ ಅಲ್ಲಿನವರು ಇಡುವ ಹೆಸರು ಅದೇ. ‘ಮಾರ್ಗದ ಬದಿ’, ‘ಮಾರ್ಗ ದಾಟು’ ಅಂತ ದಿನಾ ಹೇಳುತ್ತಾರೆ. ಮೂಲ ಸಂಸ್ಕೃತ ಅಂತ ಹೇಳಿ ಒಂದು ಸೀಮೆಯ ಅಜ್ಜಿಯರ ಬಾಯಿಂದ ಪದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ನಂಬರಿನ ಮಾತೂ ಅಷ್ಟೇ. ಹೊಲ ಇರುವ ಪ್ರತಿಯೊಬ್ಬನಿಗೂ ಸರ್ವೆ ನಂಬರು ಗೊತ್ತು. ‘ಭೂಮಾಪನ ಸಂಖ್ಯೆ’ ಅಂದರೆ ಅವನೇ ತಿರುಗಿ ಏನು ಅಂತ ಕೇಳುತ್ತಾನೆ.

ಅರಿಸಮಾಸದ ಆಕ್ಷೇಪಕ್ಕೂ ಇದೇ ಉತ್ತರ. ‘ಹೆದ್ದಾರಿ ಫಲಕ’ ಅರಿಸಮಾಸ, ಸರಿ. ಹಾಗಾದರೆ ಮೈಲಿಗಲ್ಲು? ಇಂಗ್ಲಿಷ್ ಮೈಲಿ, ಕನ್ನಡ ಕಲ್ಲು. ಕಲ್ಲುಗಳ ಮೇಲೆ ಈಗ ಕಿಲೋಮೀಟರು ಬರೆದಿದೆ, ಆದರೂ ಅವು ಮೈಲಿಗಲ್ಲುಗಳೇ. ಕವಿಗಳು, ಭಾಷಣಕಾರರು, ಪತ್ರಿಕೆಯವರು ಎಲ್ಲರೂ ಬಳಸುತ್ತಾರೆ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನ ಹೆಸರು ಹೇಳಿ ಹೆದರಿಸುವವರು ಒಂದು ನೆನಪಿಡಿ. ಹಿಂದಿನ ಕವಿಗಳ ಬಳಕೆಯಲ್ಲಿ ನಿಂತುಹೋದ ಅರಿಸಮಾಸವನ್ನು ಅವನೂ ಬಿಟ್ಟುಕೊಟ್ಟಿದ್ದಾನೆ.

ಈಗ ಎಲ್ಲರೂ ತಪ್ಪಿಸಿಕೊಂಡ ವಿಷಯಕ್ಕೆ ಬರುತ್ತೇನೆ. ನೀವೆಲ್ಲ ಒಂದು ವಸ್ತುವಿಗೆ ಪದ ಹುಡುಕುತ್ತಿದ್ದೀರಿ. ಆದರೆ ಹೆದ್ದಾರಿಗಳು ಕೂಡುವ ಜಾಗದಲ್ಲಿ ನಂಬರು ಹೊತ್ತ ವಸ್ತುಗಳು ಮೂರು. ಒಂದು ಬಿಲ್ಲೆ, ಅದನ್ನು ಹೇಳಿದೆ. ಎರಡನೆಯದು ಕಲ್ಲು, ರಾಷ್ಟ್ರೀಯ ಹೆದ್ದಾರಿಯದಾದರೆ ಹಳದಿ ತಲೆ, ರಾಜ್ಯ ಹೆದ್ದಾರಿಯದಾದರೆ ಹಸಿರು ತಲೆ. ಮೂರನೆಯದು ಈ ಊರು ಈ ಕಡೆ, ಆ ಊರು ಆ ಕಡೆ ಅಂತ ಬಾಣ ಹಾಕಿ ತೋರಿಸುವ ಬೋರ್ಡು.

ಆ ಮೂರನೆಯದಕ್ಕೆ ‘ದಿಕ್ಸೂಚಕ ಫಲಕ’ ಅಂತ ಯಾರೋ ಬರೆದರು. ಬೇಕಾಗಿಯೇ ಇಲ್ಲ. ಚಿಕ್ಕಮಗಳೂರಿಂದ ಬಾಬಾಬುಡನ್‌ಗಿರಿಗೆ ಹೋಗುವಾಗ ಕೈಮರ ಅಂತ ಒಂದು ಜಾಗ ಸಿಗುತ್ತದೆ. ಮಂಗಳೂರಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಲ್ಲಿ ಗುರುಪುರ ಕೈಕಂಬ ಇದೆ. ಬಂಟ್ವಾಳದ ಬಿ.ಸಿ. ರೋಡಿನ ಹತ್ತಿರ ಇನ್ನೊಂದು ಕೈಕಂಬ. ಇವು ದಾರಿ ಕವಲೊಡೆಯುವ ಜಾಗಗಳು. ಕೈ ಚಾಚಿ ದಾರಿ ತೋರಿಸುವ ಮರದ ಕಂಬಕ್ಕೆ ಮಲೆನಾಡಿನ ಕಡೆ ಕೈಮರ ಅಂದರು, ಕರಾವಳಿಯಲ್ಲಿ ಕೈಕಂಬ ಅಂದರು. ರೈಲಿನ ಹಳೇ ಕಾಲದ ತೋಳಿರುವ ಸಿಗ್ನಲ್ಲಿಗೂ ಕೈಮರ ಅನ್ನುವುದಿತ್ತು. ಕಂಬ ಹೋದರೂ ಹೆಸರು ಊರಿಗೆ ಅಂಟಿಕೊಂಡಿತು. ಪದಕೋಶ ಹುಡುಕುವ ಮೊದಲು ಬಸ್ಸಿನ ಬೋರ್ಡು ಓದಿದ್ದರೂ ಈ ಪದ ಸಿಗುತ್ತಿತ್ತು. ನನಗೆ ಇದಕ್ಕಿಂತ ಇಷ್ಟವಾದ ಕನ್ನಡ ಪದ ಕಡಿಮೆ.

ಹಾಗಾಗಿ ಮೈಲಿಗಲ್ಲು, ಬಿಲ್ಲೆ, ಕೈಮರ. ಮೂರೂ ಇವೆ. ಯಾವುದನ್ನೂ ಹೊಸದಾಗಿ ಹುಟ್ಟಿಸಬೇಕಾಗಿಲ್ಲ.

ಈ ಬೇರೆತನ ಯಾಕೆ ಮುಖ್ಯ ಅಂತ ಕೇಳಿದವರಿಗೆ ನೆಲಮಂಗಲದ ಉದಾಹರಣೆ ಕೊಡುತ್ತೇನೆ. 2010ರಲ್ಲಿ ದೇಶದ ರಾಷ್ಟ್ರೀಯ ಹೆದ್ದಾರಿಗಳ ನಂಬರುಗಳನ್ನೆಲ್ಲ ಬದಲಿಸಿದರು. ಅದಕ್ಕೆ ಮೊದಲು ನೆಲಮಂಗಲದಲ್ಲಿ ತುಮಕೂರಿನ ಕಡೆ ಹೋಗುವುದು 4, ಹಾಸನದ ಮೇಲೆ ಮಂಗಳೂರಿಗೆ ಹೋಗುವುದು 48. ಆಮೇಲೆ ತುಮಕೂರಿನದು 48 ಆಯಿತು, ಹಾಸನದ್ದು 75 ಆಯಿತು. ಅಂದರೆ ಅದೇ ಕೂಡುರಸ್ತೆಯಲ್ಲಿ 48 ಅನ್ನುವ ನಂಬರು ಒಂದು ಕವಲಿಂದ ಎದ್ದು ಪಕ್ಕದ ಕವಲಿಗೆ ಹೋಗಿ ಕೂತಿತು. ಕುಣಿಗಲ್ ಕಡೆ ಒಂದು ಮೈಲಿಗಲ್ಲಿನ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಹಳದಿ ಬಣ್ಣ ಬಳಿದು ಮೇಲೆ 75 ಬರೆದಿದ್ದರು. ಮಳೆಗೆ ಬಣ್ಣ ತೆಳುವಾಗಿ, 7ರ ಕಾಲಿನ ಪಕ್ಕ ಹಳೇ 4ರ ಮೂಲೆ ಇಣುಕುತ್ತಿತ್ತು. 5ರ ಹೊಟ್ಟೆಯೊಳಗೆ 8ರ ಕೆಳಗಿನ ಸುತ್ತು ಕಾಣುತ್ತಿತ್ತು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಎರಡೂ ಒಟ್ಟಿಗೆ ಓದಲು ಬಂತು. ಬಿಲ್ಲೆಯನ್ನು ಕಳಚಿ ಹೊಸದು ಹಾಕುತ್ತಾರೆ. ಕಲ್ಲಿಗೆ ಬಣ್ಣ ಬಳಿಯುತ್ತಾರೆ. ಹಾಗಾಗಿ ಹಳೇ ನಂಬರು ಉಳಿಯುವುದು ಕಲ್ಲಿನಲ್ಲೇ ಜಾಸ್ತಿ. ಎಲ್ಲದಕ್ಕೂ ‘ಫಲಕ’ ಅಂದುಬಿಟ್ಟರೆ ಆ ಫೋಟೊದಲ್ಲಿ ಏನಿದೆ ಅಂತಲೇ ಹೇಳಲಾಗುವುದಿಲ್ಲ.

ಬಿಲ್ಲೆಯ ಮೇಲಿನ ನಂಬರೂ ಸುಮ್ನೆ ಇಟ್ಟದ್ದಲ್ಲ. ಹೊಸ ಪದ್ಧತಿಯಲ್ಲಿ ಉತ್ತರ ದಕ್ಷಿಣ ಹೋಗುವ ಹೆದ್ದಾರಿಗೆ ಸಮಸಂಖ್ಯೆ, ಅದು ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ದೊಡ್ಡದಾಗುತ್ತದೆ. ಬೆಂಗಳೂರಿನ ಮೇಲೆ ಕನ್ಯಾಕುಮಾರಿಗೆ ಹೋಗುವ 44ಕ್ಕಿಂತ ಕಡಲ ಬದಿಯ 66 ದೊಡ್ಡದು, ಅದಕ್ಕೇ. ಪೂರ್ವ ಪಶ್ಚಿಮದ್ದಕ್ಕೆ ಬೆಸಸಂಖ್ಯೆ, ಅದು ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಅಮೆರಿಕದಲ್ಲಿ ಸಮ, ಬೆಸ ಇದಕ್ಕೆ ತಿರುಗಾಮುರುಗಾ. ಮೂರಂಕಿಯದ್ದು ಕವಲು. 275 ಅಂದರೆ 75ರ ಕವಲು: ಬೆಂಗಳೂರಲ್ಲಿ ಹೊರಟು ಮೈಸೂರು, ಮಡಿಕೇರಿ ಸುತ್ತಿ ಬಂಟ್ವಾಳದ ಹತ್ತಿರ ಮತ್ತೆ 75ನ್ನೇ ಸೇರುತ್ತದೆ. ‘ಉಪಹೆದ್ದಾರಿ’ ಅಂತ ಬರೆದವರೇ, ಕವಲು ಅನ್ನುವ ಮೂರಕ್ಷರದ ಪದ ಇರುವಾಗ ಅದು ಯಾಕೆ?

> ಫೋಟೊ ಅಡಿಬರಹದಲ್ಲಿ ೪೮ ಎಂದು ಕನ್ನಡ ಅಂಕಿಯಲ್ಲೇ ಬರೆಯಬೇಕು. ಇಲ್ಲದಿದ್ದರೆ ಕನ್ನಡದ ಪ್ರದರ್ಶನ ಅನ್ನಬೇಡಿ.

ಕಲ್ಲಿನ ಮೇಲೆ ಕನ್ನಡ ಅಂಕಿ ಇದ್ದರೆ ಕನ್ನಡ ಅಂಕಿ ಬರೆಯಿರಿ. 48 ಇದ್ದರೆ 48. ಅಡಿಬರಹ ಫೋಟೊಗೆ ನಿಯತ್ತಾಗಿರಬೇಕು. ರಾಷ್ಟ್ರೀಯ ಹೆದ್ದಾರಿಗೆ ‘ರಾ.ಹೆ.’ ಅಂತ ಇದ್ದ ಕಡೆ ಅದನ್ನೂ ಹಾಗೇ ಉಳಿಸಿ.

ಹವ್ಯಾಸದ ಹೆಸರಿಗೆ ‘ಹೆದ್ದಾರಿ ಗೀಳು’ ಅಂತ ಒಬ್ಬರು ಹೇಳಿದ್ದರು. ಬೇಡ. ಗೀಳು ಈಗ ಒಂದು ಮನೋರೋಗದ ಹೆಸರಿನಲ್ಲಿ ಸೇರಿದೆ, ಅದರಿಂದ ನಿಜವಾಗಿ ನರಳುವವರಿದ್ದಾರೆ. ಬಿಲ್ಲೆಗಾರ ಅಂದರೆ ಬಿಲ್ಲುಗಾರ ಅಂತ ಕೇಳಿಸುತ್ತದೆ. ನನ್ನ ಕೇಳಿದರೆ ಹೆಸರೇ ಬೇಡ. ಹಕ್ಕಿ ನೋಡುವವರು ಹಕ್ಕಿ ನೋಡುತ್ತೇವೆ ಅನ್ನುತ್ತಾರೆ. ನಾವು ಬಿಲ್ಲೆ, ಕೈಮರಗಳ ಫೋಟೊ ತೆಗೆಯುತ್ತೇವೆ. ಕನ್ನಡಕ್ಕೆ ಇಂಥ ಕಡೆ ಕ್ರಿಯಾಪದವೇ ಒಗ್ಗುತ್ತದೆ, ಪ್ರತಿಯೊಂದಕ್ಕೂ ನಾಮಪದ ಕಟ್ಟುವ ಹಟ ನಮಗೆ ಬೇಕಾಗಿಲ್ಲ.

ಕೇಳಿದ ಗೆಳೆಯರಿಗೆ: ಪ್ರದರ್ಶನದ ತಲೆಬರಹ ‘ಹೆದ್ದಾರಿ ಬಿಲ್ಲೆಗಳು, ಕೈಮರಗಳು’ ಅಂತ ಇಡಿ. ಅಡಿಬರಹ ಹೀಗಿರಲಿ: ‘ನೆಲಮಂಗಲ. ಎಡಕ್ಕೆ 75ರ ಕೈಮರ. ಹಳೇ ನಂಬರು 48.’ ದಾವಣಗೆರೆ, ಹುಬ್ಬಳ್ಳಿಯ ಫೋಟೊಗಳಿಗೆ ಹಳೇ ನಂಬರು 4ರ ಜೊತೆ ‘ಪಿ.ಬಿ. ರೋಡ್’ ಅಂತಲೂ ಸೇರಿಸಿ. ಅದು ಪುಣೆ ಬೆಂಗಳೂರು ರಸ್ತೆ. ಎರಡೂ ಊರುಗಳಲ್ಲಿ ಜನ ಇವತ್ತಿಗೂ ಆ ಹೆಸರನ್ನೇ ಹೇಳುತ್ತಾರೆ. ಓದಿದ ಕೂಡಲೇ ಅವರಿಗೆ ತಮ್ಮ ರಸ್ತೆಯ ಗುರುತು ಸಿಗಲಿ.

ಇನ್ನೊಂದು. ನೀವು ಕಳಿಸಿದ ಪಟ್ಟಿಯಲ್ಲಿ ಹೊಸಪೇಟೆಯ ಫೋಟೊಗೆ ‘50, ಹಳೇ ನಂಬರು 63’ ಅಂತಿದೆ. ಅದು 13 ಆಗಬೇಕು. 63 ಅಂಕೋಲೆಯಿಂದ ಹುಬ್ಬಳ್ಳಿ, ಗದಗದ ಮೇಲೆ ಬರುತ್ತಿದ್ದ ರಸ್ತೆ, ಹೊಸಪೇಟೆಯಲ್ಲಿ ಅದಕ್ಕೆ ಈಗ 67. ಪ್ರಿಂಟಿಗೆ ಕೊಡುವ ಮೊದಲು ತಿದ್ದಿ.