ಸೈನ್ ಗ್ರಾಫ್ ತಲೆಗೆ ಹೋಗುತ್ತಿಲ್ಲ, ಟ್ಯೂಷನ್ ಬೇಕಾ?

ಪಿಯು ಅಮ್ಮ: ಮಗ ಫಸ್ಟ್ ಪಿಯು ಸೈನ್ಸ್. ಹತ್ತನೇ ಕ್ಲಾಸಿನ ತ್ರಿಕೋನಮಿತಿ ನೀರು ಕುಡಿದ ಹಾಗೆ ಮಾಡುತ್ತಿದ್ದ. ಈಗ ರೇಡಿಯನ್ (180 ಡಿಗ್ರಿಯನ್ನು ಪೈ ಅನ್ನುವ ಕೋನದ ಅಳತೆ), ಗ್ರಾಫ್ ಅಂದರೆ ಪುಸ್ತಕ ಮುಚ್ಚುತ್ತಾನೆ. ಟ್ಯೂಷನ್‌ಗೆ ಹಾಕಿದವರು ಅನುಭವ ಹೇಳಿ.

ದಾವಣಗೆರೆ ಅಪ್ಪ: ನನ್ನನ್ನು ಕೇಳಿ. ಮಗಳಿಗೆ ಫೀಸು 18,000. ನೋಟ್ಸಿಗೆ ಬೇರೆ 1,150. ಆಟೋ ದಿನಕ್ಕೆ 60, ತಿಂಗಳಿಗೆ 26 ದಿನ, ಏಳು ತಿಂಗಳು. ಆಟೋಗೇ 10,920! ಕೊನೆಗೆ ಸೈನ್ 2ಎಕ್ಸ್‌ನ ಪೀರಿಯಡ್, ಅಂದರೆ ಅಲೆ ಒಂದು ಸುತ್ತು ಮುಗಿಸುವ ಅಂತರ, 4ಪೈ ಅಂತ ಬರೆದು ಬಂದಳು. ಸೈನ್ ಎಕ್ಸ್‌ಗೆ 2ಪೈ; ಇಲ್ಲಿ ಅಲೆ ಎರಡು ಪಟ್ಟು ಬೇಗ ಮುಗಿಯುತ್ತದೆ, ಅದಕ್ಕೇ ಬರೀ ಪೈ. ಇಷ್ಟನ್ನು ನಾನೇ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಬೇಕಾಯಿತು.

ನಿವೃತ್ತ ಮೇಡಂ: ಸೂತ್ರ ಉರು ಹೊಡೆಸಿದರೆ ಹೀಗೇ. ನನ್ನ ಕ್ಲಾಸಲ್ಲಿ ಮೊದಲ ವಾರ ಸೂತ್ರವೇ ಇರುತ್ತಿರಲಿಲ್ಲ. ತ್ರಿಜ್ಯ 1 ಇರುವ ವೃತ್ತ, 30 ಡಿಗ್ರಿಗೊಂದು ಚುಕ್ಕಿ. ಚುಕ್ಕಿಯ ಎತ್ತರ, ಅದೇ ಸೈನ್, ಅಳೆದು ಪಕ್ಕದಲ್ಲಿ ಇಡುತ್ತಾ ಹೋಗಬೇಕು: 0, 0.5, 0.87, 1, ಮತ್ತೆ ಇಳಿತ. 360 ದಾಟಿದರೆ ಚುಕ್ಕಿ ಹಳೇ ಜಾಗಕ್ಕೇ ಬರುತ್ತದೆ. ಗ್ರಾಫ್ ಇನ್ನೇನು ಮಾಡೀತು?

ದಾವಣಗೆರೆ ಅಪ್ಪ: ಮೇಡಂ, ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಚುಕ್ಕಿ ಇಡುತ್ತಾ ಕೂರುವುದಾ?

ನಿವೃತ್ತ ಮೇಡಂ: ಚಿತ್ರ ಕಣ್ಣಲ್ಲಿದ್ದವರಿಗೆ ಟ್ಯಾನ್‌ನ ಪೀರಿಯಡ್ ಪೈ ಅಂತ ಕೂಡಲೇ ಹೊಳೆಯುತ್ತದೆ. ನೀವು 30,000 ಸುರಿದಿರಿ, 4ಪೈ ಬಂತು ಅಲ್ವಾ?

ಡಿಪ್ಲೊಮಾ ಹುಡುಗ: ನನ್ನದು ಕ್ಯಾಲ್ಕುಲೇಟರ್ ಗೋಳು. ಸೈನ್ 30 ಒತ್ತಿದರೆ −0.988. ರೇಡಿಯನ್ ಮೋಡಿನಲ್ಲಿತ್ತು, ನೋಡಲೇ ಇಲ್ಲ. ಮೂರು ಲೆಕ್ಕ, 15 ಮಾರ್ಕ್ಸ್ ಹೋಯಿತು, ಸಬ್ಜೆಕ್ಟ್ ಬ್ಯಾಕ್. ಮುಂದೆ ಲ್ಯಾಬಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ಇಳಿಸಿದ ಕರೆಂಟನ್ನು ಆಸಿಲೋಸ್ಕೋಪಿಗೆ (ಅಲೆಯನ್ನು ಪರದೆಯಲ್ಲಿ ತೋರಿಸುವ ಯಂತ್ರ) ಕೊಟ್ಟರು. 20 ಮಿಲಿಸೆಕೆಂಡಿಗೊಮ್ಮೆ ಅದೇ ಅಲೆ, ಸೆಕೆಂಡಿಗೆ 50. ಅವತ್ತು ಬುದ್ಧಿ ಬಂತು. ಗ್ರಾಫ್ ಹಾಳೆಯಿಂದ ಅಲ್ಲ ಮೇಡಂ.

ನಿವೃತ್ತ ಮೇಡಂ: ಹಾಳೆಯ ಮೇಲೆ ಬರೆದಿದ್ದರೆ 30 ಡಿಗ್ರಿಗೆ ಮೈನಸ್ ಉತ್ತರ ನೋಡಿದ ಕೂಡಲೇ ಅನುಮಾನ ಬರುತ್ತಿತ್ತು.

ಹಳೇ ಮೇಷ್ಟ್ರು: ಸೈನ್ ಅನ್ನುವ ಹೆಸರೇ ನಮ್ಮ ‘ಜ್ಯಾ’ದಿಂದ ಬಂದದ್ದು. ಜ್ಯಾ ಅಂದರೆ ಬಿಲ್ಲಿನ ಹೆದೆ. ಅರಬ್ಬಿಗೆ ಹೋಗಿ ಜೀಬಾ ಆಯಿತು, ಅದನ್ನು ಜೈಬ್ (ಮಡಿಕೆ) ಎಂದು ಓದಿ ಲ್ಯಾಟಿನ್‌ನವರು ಅದೇ ಅರ್ಥದ ಸೈನಸ್ ಮಾಡಿದರು. ಆರ್ಯಭಟ ಜ್ಯಾ ಲೆಕ್ಕಕ್ಕೆ 24 ಅಂಕಿಗಳ ಪಟ್ಟಿ ಕೊಟ್ಟಿದ್ದಾನೆ.

ಡಿಪ್ಲೊಮಾ ಹುಡುಗ: ಸರ್, ಆರ್ಯಭಟ ಬಂದು ನನ್ನ ಬ್ಯಾಕ್ ತೆಗೆಯುತ್ತಾನಾ?

ದಾವಣಗೆರೆ ಅಪ್ಪ: 30,000 ಅಲ್ಲ ಮೇಡಂ. 30,070.