ಬಿಸಿ ವ್ಯವಸ್ಥೆಯಿಲ್ಲದ ಹಸಿರುಮನೆಯಲ್ಲಿ ಬೇಗ ಹಣ್ಣಾಗುವ ಟೊಮೆಟೊ: ಅನುಭವ ಹಂಚಿಕೆ

ಪ್ರಶ್ನೆ

ನನ್ನ ಹಸಿರುಮನೆಯಲ್ಲಿ ಬಿಸಿ ಮಾಡುವ ಯಾವ ಸೌಕರ್ಯವೂ ಇಲ್ಲ. ಕಳೆದ ವರ್ಷ ಚಳಿ ಪೂರ್ತಿ ಹೋಗುವ ಮೊದಲೇ ಬೇಗ ಹಣ್ಣಾಗುವ ತಳಿಯ ಸಸಿಗಳನ್ನು ಒಳಗೆ ನಾಟಿ ಮಾಡಿದೆ. ಮೂರು ವಾರ ಗಿಡಗಳು ಇದ್ದ ಹಾಗೆಯೇ ಇದ್ದವು, ಎಲೆಗಳ ಅಡಿಭಾಗ ನೇರಳೆ ಬಣ್ಣಕ್ಕೆ ತಿರುಗಿತು, ಮೊದಲ ಗೊಂಚಲಿನ ಹೂಗಳೆಲ್ಲ ಉದುರಿಹೋದವು. ಕೊನೆಗೆ ಬಯಲಿನ ಗಿಡಗಳಿಗಿಂತ ಕೆಲವೇ ದಿನ ಮುಂಚಿತವಾಗಿ ಹಣ್ಣು ಸಿಕ್ಕಿತು. ಈ ಸಲ ಏನನ್ನು ತಿದ್ದಿಕೊಳ್ಳಬೇಕು, ಯಾವ ಬಗೆಯ ತಳಿಯನ್ನು ಆರಿಸಬೇಕು ಎಂಬುದನ್ನು ಬೆಳೆದು ನೋಡಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನೀವು ಹೇಳಿರುವ ಮೂರು ಲಕ್ಷಣಗಳಿಗೂ ಮೂಲ ಒಂದೇ: ಮಣ್ಣೂ ರಾತ್ರಿಗಳೂ ಇನ್ನೂ ತಣ್ಣಗಿದ್ದಾಗಲೇ ಗಿಡ ನೆಲ ಸೇರಿದೆ. ಮಣ್ಣಿನ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಟೊಮೆಟೊ ಬೇರು ರಂಜಕವನ್ನು ಸರಿಯಾಗಿ ಹೀರಿಕೊಳ್ಳಲಾರದು. ಮಣ್ಣಿನಲ್ಲಿ ರಂಜಕ ಸಾಕಷ್ಟಿದ್ದರೂ ಎಲೆಯ ಅಡಿಭಾಗ ನೇರಳೆಯಾಗುವುದು ಈ ಕಾರಣದಿಂದಲೇ, ಆದ್ದರಿಂದ ಅಂಥ ಹೊತ್ತಿನಲ್ಲಿ ಗೊಬ್ಬರ ಹೆಚ್ಚಿಸಿ ಪ್ರಯೋಜನವಿಲ್ಲ. ಗಾಳಿಯ ಉಷ್ಣತೆ 10 ಡಿಗ್ರಿಗಿಂತ ಇಳಿದರೆ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ರಾತ್ರಿಗಳು 13 ಡಿಗ್ರಿಗಿಂತ ತಣ್ಣಗಿದ್ದರೆ ಪರಾಗ ಸರಿಯಾಗಿ ಬಲಿಯದೆ, ಹೂ ಅರಳಿದರೂ ಕಾಯಿ ಕಚ್ಚದೆ ಉದುರುತ್ತದೆ.

ಇದನ್ನು ನಾನು ಒಪ್ಪಿಕೊಂಡದ್ದು ಕಣ್ಣಾರೆ ನೋಡಿದ ಮೇಲೆ. ಒಂದು ವರ್ಷ ಒಂದೇ ತಳಿಯ ಬೀಜವನ್ನು ಒಂದೇ ದಿನ ಬಿತ್ತಿ, ಅರ್ಧ ಸಸಿಗಳನ್ನು ಸಾಧ್ಯವಾದಷ್ಟು ಬೇಗ ಹಸಿರುಮನೆಯ ಮಡಿಗೆ ನಾಟಿ ಮಾಡಿದೆ. ಉಳಿದ ಅರ್ಧವನ್ನು ದೊಡ್ಡ ಕುಂಡಗಳಿಗೆ ಬದಲಾಯಿಸಿ, ಮನೆಯೊಳಗೆ ಚೆನ್ನಾಗಿ ಬೆಳಕು ಬೀಳುವ ಕಿಟಕಿಯ ಬಳಿ ಇನ್ನೂ 18 ದಿನ ಇಟ್ಟುಕೊಂಡು ಆಮೇಲೆ ನಾಟಿ ಮಾಡಿದೆ. ಮೊದಲ ಕೆಂಪು ಹಣ್ಣು ಸಿಕ್ಕಿದ್ದು ತಡವಾಗಿ ನಾಟಿ ಮಾಡಿದ ಸಾಲಿನಲ್ಲಿ! ಮೊದಲ ಸಾಲಿನ ಗಿಡಗಳು ಚಳಿಯಲ್ಲಿ ಕಳೆದುಕೊಂಡ ದಿನಗಳನ್ನು ಮತ್ತೆ ತುಂಬಿಕೊಳ್ಳಲೇ ಇಲ್ಲ.

ಅಂದಿನಿಂದ ನಾನು ದಿನಾಂಕ ನೋಡಿ ನಾಟಿ ಮಾಡುವುದಿಲ್ಲ. ಬೆಳಗಿನ ಜಾವ 10 ಸೆಂಟಿಮೀಟರ್ ಆಳದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ಸತತ ನಾಲ್ಕೈದು ದಿನ 15 ಡಿಗ್ರಿ ತೋರಿಸಿದ ಮೇಲೆಯೇ ಸಸಿಯನ್ನು ನೆಲಕ್ಕೆ ಇಳಿಸುತ್ತೇನೆ. ಆ ದಿನವನ್ನು ಹತ್ತಿರ ತಂದುಕೊಳ್ಳಲು ದಾರಿಗಳಿವೆ. ಮಡಿಯನ್ನು ನೆಲಕ್ಕಿಂತ ಒಂದು ಗೇಣು ಎತ್ತರಿಸಿದರೆ ಮಣ್ಣು ಬೇಗ ಬಿಸಿಯೇರುತ್ತದೆ. ನಾಟಿಗೆ ಎರಡು ಮೂರು ವಾರ ಮುಂಚೆ ಮಣ್ಣನ್ನು ಹದವಾಗಿ ನೆನೆಸಿ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಅಂಟಿಕೊಳ್ಳುವಂತೆ ಬಿಗಿಯಾಗಿ ಹೊದಿಸಿದರೆ ಇನ್ನೂ ಬೇಗ. ಹಾಳೆಗೂ ಮಣ್ಣಿಗೂ ನಡುವೆ ಗಾಳಿ ಸೇರಿಕೊಂಡರೆ ಬಿಸಿ ಕೆಳಗೆ ಇಳಿಯುವುದಿಲ್ಲ.

ಬಿತ್ತನೆಯಿಂದ ನಾಟಿಯವರೆಗೆ ಆರರಿಂದ ಎಂಟು ವಾರ ಸಾಕು. ಅದಕ್ಕಿಂತ ಹೆಚ್ಚು ದಿನ ಸಣ್ಣ ಕುಂಡದಲ್ಲಿ ಉಳಿದು, ಬೇರು ಸುತ್ತಿಕೊಂಡು, ಕುಂಡದಲ್ಲೇ ಕಾಯಿ ಕಚ್ಚಿದ ಸಸಿ ನೋಡಲು ಆಸೆ ಹುಟ್ಟಿಸುತ್ತದೆ, ಆದರೆ ಮಡಿಗೆ ಬಂದ ಮೇಲೆ ಕುಗ್ಗಿ ನಿಲ್ಲುತ್ತದೆ.

ಎರಡನೆಯ ಉತ್ತರ

ಮೇಲಿನ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ರಾತ್ರಿಯ ವಿಷಯದಲ್ಲಿ ನನ್ನ ಅನುಭವವನ್ನು ಸೇರಿಸುತ್ತೇನೆ. ಹಗಲು ಹಸಿರುಮನೆಯ ಒಳಗೆ ಎಷ್ಟೇ ಸೆಕೆಯಿರಲಿ, ಮೋಡವಿಲ್ಲದ ರಾತ್ರಿ ಬೆಳಗಾಗುವ ಹೊತ್ತಿಗೆ ಒಳಗಿನ ಗಾಳಿ ಹೊರಗಿಗಿಂತ ಎರಡು ಮೂರು ಡಿಗ್ರಿ ಮಾತ್ರ ಬೆಚ್ಚಗಿರುತ್ತದೆ. ಆದ್ದರಿಂದ ಹಗಲಿನ ಬಿಸಿಯನ್ನು ರಾತ್ರಿಗೆ ಕೂಡಿಡಬೇಕು, ಅದಕ್ಕೆ ನೀರಿಗಿಂತ ಸುಲಭವಾದದ್ದು ಇಲ್ಲ. 200 ಲೀಟರ್ ನೀರಿನ ಒಂದು ಪೀಪಾಯಿ 10 ಡಿಗ್ರಿ ತಣಿಯುವಾಗ ಸುಮಾರು 2.3 ಕಿಲೋವ್ಯಾಟ್ ಗಂಟೆಯಷ್ಟು ಶಾಖ ಹೊರಬರುತ್ತದೆ. ಕಪ್ಪು ಬಣ್ಣ ಬಳಿದ ಪೀಪಾಯಿಗಳನ್ನು ಬಿಸಿಲು ನೇರವಾಗಿ ಬೀಳುವ ಕಡೆ ಸಾಲಾಗಿ ಇಟ್ಟಿದ್ದೇನೆ.

ಆದರೂ ಪೀಪಾಯಿಗಿಂತ ಹೆಚ್ಚು ಫಲ ಕೊಟ್ಟದ್ದು ಒಳ ಹೊದಿಕೆ. ಗಿಡಗಳ ಮೇಲೆ ಕಮಾನಿನಂತೆ ತಂತಿ ಬಗ್ಗಿಸಿ, ಸಂಜೆ ಅದರ ಮೇಲೆ ತೆಳುವಾದ ಬೆಳೆ ಹೊದಿಕೆಯ ಬಟ್ಟೆಯನ್ನು ಎಳೆದು, ಬೆಳಿಗ್ಗೆ ಸರಿಸುತ್ತೇನೆ. ನೀರು ತುಂಬಿದ ಕೆಲವು ಡಬ್ಬಿಗಳನ್ನು ಈ ಹೊದಿಕೆಯ ಒಳಗೇ ಇಟ್ಟರೆ ಅವುಗಳ ಶಾಖ ಇಡೀ ಹಸಿರುಮನೆಗೆ ಹಂಚಿಹೋಗದೆ ಗಿಡದ ಬಳಿಯೇ ಉಳಿಯುತ್ತದೆ. ಕಿಂಡಿಗಳನ್ನು ಸೂರ್ಯ ಮುಳುಗಿದ ಮೇಲೆ ಮುಚ್ಚುವುದು ತಡವಾಯಿತೆಂದೇ ಲೆಕ್ಕ. ಬಿಸಿಲು ಇನ್ನೂ ಇರುವಾಗಲೇ ಮುಚ್ಚಬೇಕು. ನೀರನ್ನು ಬೆಳಿಗ್ಗೆಯೇ ಹಾಕಿ, ಅದೂ ಒಳಗೆ ಇಟ್ಟು ತಣುಪು ಕಳೆದ ನೀರನ್ನು.

ಮೂರನೆಯ ಉತ್ತರ

ಸಾಮಾನ್ಯವಾಗಿ ಹೇಳುವ ಒಂದು ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಾಂಡದಿಂದಲೂ ಬೇರು ಒಡೆಯುವುದರಿಂದ ಟೊಮೆಟೊವನ್ನು ಆಳವಾಗಿ ನೆಡಬೇಕೆನ್ನುತ್ತಾರೆ. ಬೆಚ್ಚಗಿನ ಮಣ್ಣಿನಲ್ಲಿ ಅದು ಸರಿ, ಆದರೆ ಚಳಿ ಮುಗಿಯುವ ಕಾಲದಲ್ಲಿ ಕೆಳಗಿನ ಪದರ ಮೇಲಿನದಕ್ಕಿಂತ ತಣ್ಣಗಿರುತ್ತದೆ. ಉದ್ದವಾಗಿ ಬೆಳೆದ ಸಸಿಯನ್ನು ಆಳವಿಲ್ಲದ ಕಾಲುವೆಯಲ್ಲಿ ಓರೆಯಾಗಿ ಮಲಗಿಸಿ ತುದಿಯನ್ನಷ್ಟೇ ಮೇಲೆ ಬಿಟ್ಟರೆ, ಹೊಸ ಬೇರುಗಳು ಬಿಸಿಯೇರಿದ ಮಣ್ಣಿನಲ್ಲೇ ಹರಡುತ್ತವೆ.

ತಳಿಯ ವಿಷಯ: ಬೀಜದ ಪೊಟ್ಟಣದ ಮೇಲೆ ಬರೆದಿರುವ 55 ಅಥವಾ 60 ದಿನ ಎಂಬುದು ಸಾಮಾನ್ಯವಾಗಿ ನಾಟಿಯಿಂದ ಎಣಿಸಿದ ಲೆಕ್ಕ, ಬಿತ್ತನೆಯಿಂದಲ್ಲ. ಒಂದು ಎತ್ತರಕ್ಕೆ ಬೆಳೆದು ನಿಲ್ಲುವ ಗಿಡ್ಡ ತಳಿಗಳು ಬೇಗ ಹೂ ಬಿಟ್ಟು, ಒಂದೆರಡು ಎಲೆಗೊಂದು ಗೊಂಚಲು ಕೊಡುತ್ತವೆ. ಬಳ್ಳಿಯಂತೆ ಏರುವವುಗಳಲ್ಲಿ ಸಾಮಾನ್ಯವಾಗಿ ಮೂರು ಎಲೆಗೊಂದು. ಗಿಡ್ಡ ತಳಿಗಳ ಪೈಕಿ ಅಮೆರಿಕದ ಆರಿಗನ್ ಸ್ಟೇಟ್ ವಿಶ್ವವಿದ್ಯಾಲಯ ರೂಪಿಸಿದ ಆರಿಗನ್ ಸ್ಪ್ರಿಂಗ್ ನಿಮ್ಮ ತೊಂದರೆಗೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಚಳಿಯಲ್ಲಿ ಪರಾಗ ಕೆಲಸ ಮಾಡದಿದ್ದರೂ ಅದು ಬೀಜವಿಲ್ಲದೆ ಕಾಯಿ ಕಚ್ಚಬಲ್ಲದು. ಏರುವ ತಳಿ ಬೇಕೆನಿಸಿದರೆ ಚೆಕೊಸ್ಲೊವಾಕಿಯಾ ಮೂಲದ ಸ್ಟುಪಿಟ್ಸೆ ಇದೆ. ಹಣ್ಣು ಚಿಕ್ಕದು, ಆದರೆ ನಂಬಬಹುದಾದ ತಳಿ. ದಪ್ಪ ಹಣ್ಣಿನ ತಳಿಗಳನ್ನು ಮೊದಲ ಕೊಯ್ಲಿಗಾಗಿ ನೆಚ್ಚಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನನ್ನ ಹಸಿರುಮನೆಗೆ ಆ ಕಾಲದಲ್ಲಿ ಜೇನುನೊಣವಾಗಲಿ ದುಂಬಿಯಾಗಲಿ ಬರುವುದಿಲ್ಲ. ಹೂ ಉದುರಲು ಅದೂ ಕಾರಣವಾಗಿರಬಹುದೇ?

ನಾಲ್ಕನೆಯ ಉತ್ತರ

ಆಗಿರಬಹುದು. ಟೊಮೆಟೊ ಹೂವಿಗೆ ಬೇರೆ ಗಿಡದ ಪರಾಗ ಬೇಡ, ಆದರೆ ಕಂಪನ ಬೇಕು. ಪರಾಗ ಕೇಸರಗಳ ಕೊಳವೆಯೊಳಗೆ ಇರುತ್ತದೆ, ಹೂ ಅದುರಿದಾಗ ಉದುರುತ್ತದೆ. ಬಯಲಿನಲ್ಲಿ ಗಾಳಿಯೂ ದುಂಬಿಯೂ ಮಾಡುವ ಈ ಕೆಲಸವನ್ನು ಒಳಗೆ ನೀವೇ ಮಾಡಬೇಕು. ಬಿಸಿಲಿರುವ ದಿನ ನಡು ಹಗಲಿನಲ್ಲಿ, ಒಳಗಿನ ತೇವ ಆರಿದ ಮೇಲೆ, ಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ನಾನು ಬ್ಯಾಟರಿಯ ಹಲ್ಲುಜ್ಜುವ ಬ್ರಷ್‌ನ ಹಿಂಬದಿಯನ್ನು ತೊಟ್ಟಿಗೆ ತಾಗಿಸುತ್ತೇನೆ. ಗಾಳಿ ತೀರಾ ತೇವವಾಗಿದ್ದರೆ ಪರಾಗ ಅಂಟಿಕೊಂಡು ಉದುರುವುದಿಲ್ಲ, ಆದ್ದರಿಂದ ಬೆಳಿಗ್ಗೆ ಬಿಸಿಲೇರುತ್ತಲೇ ಕಿಂಡಿ ತೆರೆಯಬೇಕು. ಬೂದು ಬೂಷ್ಟು ಎಲೆಗೆ ಹತ್ತದಿರಲೂ ಇದೇ ದಾರಿ.

ಕಾಯಿ ತುಂಬಿಕೊಂಡ ಮೇಲೆ ಸೆಕೆಯ ಕಡೆಗೂ ಗಮನವಿರಲಿ. ಹಣ್ಣು ಕೆಂಪಾಗಲು 20ರಿಂದ 25 ಡಿಗ್ರಿ ಅನುಕೂಲ. 30 ಡಿಗ್ರಿ ದಾಟಿದರೆ ಕೆಂಪು ಬಣ್ಣ ಕಟ್ಟುವ ಲೈಕೋಪೀನ್ ಕುಂಠಿತವಾಗಿ ಹಣ್ಣು ಹಳದಿ ಮಿಶ್ರಿತ ಕೇಸರಿಯಲ್ಲೇ ಉಳಿಯುತ್ತದೆ. ಬೇಗ ಹಣ್ಣಾಗಲೆಂದು ಮಧ್ಯಾಹ್ನವೂ ಬಾಗಿಲು ಮುಚ್ಚಿಡುವವರು ತಮಗೆ ತಿಳಿಯದೆಯೇ ಹಣ್ಣನ್ನು ತಡಮಾಡುತ್ತಾರೆ. ಏರುವ ತಳಿಯಾದರೆ ಎಲೆಯೂ ಕಾಂಡವೂ ಸೇರುವ ಕಡೆ ಮೂಡುವ ಕಂಕುಳ ಚಿಗುರುಗಳನ್ನು ವಾರಕ್ಕೊಮ್ಮೆ ಚಿವುಟಿ. ಗಿಡ್ಡ ತಳಿಯಲ್ಲಿ ಹಾಗೆ ಚಿವುಟಿದರೆ ಇಳುವರಿಯೇ ಹೋಗುತ್ತದೆ. ಮೊದಲ ಗೊಂಚಲಿನಲ್ಲಿ ಸೀಳು ಬಿಟ್ಟು ಸೊಟ್ಟಗಾದ ಕಾಯಿ ಕಂಡರೆ, ಅದು ಹೂ ಮೊಗ್ಗಾಗಿದ್ದಾಗ ತಿಂದ ಚಳಿಯ ಗುರುತು. ಅಂಥದನ್ನು ಎಳೆಯದಾಗಿರುವಾಗಲೇ ಕಿತ್ತುಹಾಕಿ, ಪಕ್ಕದ ಕಾಯಿಗಳು ಅದರ ಪಾಲನ್ನು ಪಡೆಯುತ್ತವೆ.